ಬಲೆಗೆ ಸೀಸವೇ ಬೇಕೆ? ಕಬ್ಬಿಣ, ಕಲ್ಲು, ಮಣ್ಣು, ತವರ: ಯಾರಿಗೆ ಯಾವುದು ಸರಿ

ಆಲಮಟ್ಟಿ ಹಿನ್ನೀರಿನಲ್ಲಿ ಬಲೆ ಬೀಸುವವರು, ಹಿಡಕಲ್ ಮತ್ತು ನವಿಲುತೀರ್ಥದ ದಂಡೆಯಲ್ಲಿ ಗಾಳ ಹಾಕಿ ಕೂರುವವರು, ಬೆಳಗಾವಿ, ವಿಜಯಪುರದಲ್ಲಿ ಮಕ್ಕಳನ್ನು ಏರ್ ರೈಫಲ್ ಕಲಿಯಲು ಕಳಿಸುವ ಪಾಲಕರು ಕೇಳುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ. ಬಲೆ, ಗಾಳ ಮುಳುಗಿಸುವ ಭಾರಕ್ಕೂ ಏರ್ ರೈಫಲ್ಲಿನ ಗುಂಡಿಗೂ ಬಳಸುವ ಸೀಸಕ್ಕೆ ಹೊರದೇಶಗಳಲ್ಲಿ ನಿಷೇಧ ಬರುತ್ತಿದೆಯಂತೆ, ನಾವೂ ಬಿಡಬೇಕೆ? ಬಿಟ್ಟರೆ ಆ ಜಾಗಕ್ಕೆ ಏನು ಹಾಕಬೇಕು?

ನಿಷೇಧದ ಸುದ್ದಿ ಸುಳ್ಳಲ್ಲ, ಹೊಸದೂ ಅಲ್ಲ. ಹಂಸಗಳು ಗಾಳದ ಸಣ್ಣ ಗುಂಡು ನುಂಗಿ ಸಾಯುತ್ತಿದ್ದ ಕಾರಣಕ್ಕೆ ಬ್ರಿಟನ್ನಿನಲ್ಲಿ 1987ರಿಂದಲೇ 0.06 ಗ್ರಾಮಿಗಿಂತ ದೊಡ್ಡದಾದ, 28.35 ಗ್ರಾಂವರೆಗಿನ ಸೀಸದ ಗುಂಡುಗಳ ಮಾರಾಟಕ್ಕೆ ತಡೆ ಬಿತ್ತು. ಅಮೆರಿಕ 1991ರಲ್ಲಿ ನೀರುಹಕ್ಕಿಗಳ ಬೇಟೆಗೆ ಸೀಸದ ಚರೆ (ಕೋವಿಯಿಂದ ಚದುರುವ ಸಣ್ಣ ಗುಂಡುಗಳು) ಬಳಸುವುದನ್ನು ದೇಶದಾದ್ಯಂತ ನಿಲ್ಲಿಸಿತು. ಡೆನ್ಮಾರ್ಕ್ 1996ರಲ್ಲಿ ಚರೆಯನ್ನೇ ಪೂರ್ತಿ ನಿಷೇಧಿಸಿತು. ಕ್ಯಾಲಿಫೋರ್ನಿಯಾದಲ್ಲಿ 2019ರ ಜುಲೈ 1ರಿಂದ ಯಾವ ಬೇಟೆಗೂ ಸೀಸದ ಗುಂಡು ಬಳಸುವಂತಿಲ್ಲ. ಯುರೋಪಿನ ಒಕ್ಕೂಟದ ಜೌಗು ಪ್ರದೇಶಗಳಲ್ಲಿ 2023ರ ಫೆಬ್ರವರಿಯಿಂದ ಸೀಸದ ಚರೆಗೆ ಅವಕಾಶವಿಲ್ಲ. ನಮ್ಮಲ್ಲಿ ವನ್ಯಜೀವಿ ಸಂರಕ್ಷಣಾ ಕಾಯ್ದೆ 1972ರಲ್ಲೇ ಬಂದಿದೆ, ಬೇಟೆಯೇ ಅಪರಾಧ. ಹಾಗಾಗಿ ಯಾವ ತೋಟಾ ಒಳ್ಳೆಯದು ಎಂಬ ಚರ್ಚೆ ಇಲ್ಲಿ ಹುಟ್ಟುವುದಿಲ್ಲ. ಉಳಿದದ್ದು ಬಲೆ, ಗಾಳ ಮತ್ತು ಶೂಟಿಂಗ್ ರೇಂಜು.

ನಿಷೇಧ ಬೇಡ ಎನ್ನುವವರ ಮಾತಿನಲ್ಲೂ ಹುರುಳಿದೆ. ಸೀಸ ಭಾರ, ಮೆತ್ತಗೆ, ಕೈಯಲ್ಲೇ ಒತ್ತಿ ಕೂರಿಸಬಹುದು, ತುಕ್ಕು ಹಿಡಿಯುವುದಿಲ್ಲ. ಬ್ಯಾಟರಿ ಗುಜರಿಗಳು ರಾಶಿ ರಾಶಿ ಸೀಸ ಕರಗಿಸುತ್ತಿರುವಾಗ ನಾಲ್ಕು ಕೆಜಿ ಬಲೆಯ ಅಂಬಿಗನನ್ನೇ ಏಕೆ ಹಿಡಿಯಬೇಕು ಎಂಬುದು ಅವರ ತಕರಾರು. ನ್ಯಾಯವಾದ ತಕರಾರೇ. ಆದರೆ ಸೀಸದಿಂದ ಮೊದಲು ಪೆಟ್ಟು ತಿನ್ನುವುದು ಅಂಬಿಗನ ಸ್ವಂತ ಮನೆ. ಬದಲಾವಣೆ ಎಲ್ಲಿಂದ ಶುರುವಾಗಬೇಕು ಎಂಬುದೂ ಇದರಿಂದಲೇ ತಿಳಿಯುತ್ತದೆ.

ತೊಂದರೆ ಎಲ್ಲಿದೆ, ಎಲ್ಲಿಲ್ಲ

ಬಲೆಯ ಸೀಸ ಹೊಳೆನೀರಿನಲ್ಲಿ ಕರಗಿ ಊರಿಗೆಲ್ಲ ವಿಷವಾಗುತ್ತದೆ ಎಂಬ ಭಯ ನಮ್ಮ ಕಡೆ ಅಷ್ಟಾಗಿ ಬೇಡ. ನಮ್ಮದು ಸುಣ್ಣದಂಶ ಹೆಚ್ಚಿರುವ ಗಡಸು ನೀರು. ಅಂಥ ನೀರಿನಲ್ಲಿ ಸೀಸದ ಮೈಮೇಲೆ ಬಿಳಿ ಪದರ ಕೂತು ಕರಗುವಿಕೆ ನಿಧಾನವಾಗುತ್ತದೆ.

ನಿಜವಾದ ಅಪಾಯ ಮೂರು ಕಡೆ ಇದೆ. ಎಲ್ಲಕ್ಕಿಂತ ದೊಡ್ಡದು ಮನೆಯಲ್ಲಿ ಸೀಸ ಕರಗಿಸುವುದು. ಸೀಸ 327 ಡಿಗ್ರಿಗೆ ಕರಗುತ್ತದೆ. ಇದ್ದಿಲ ಒಲೆಯಾಗಲಿ ಗ್ಯಾಸ್ ಒಲೆಯಾಗಲಿ ಅದನ್ನು ಸುಲಭವಾಗಿ ದಾಟುತ್ತದೆ, ಕಾವು ಏರಿದಷ್ಟೂ ಹೊಗೆ ಹೆಚ್ಚು. ಗುಜರಿಯಿಂದ ತಂದ ಹಳೆ ಬ್ಯಾಟರಿ ಪ್ಲೇಟು ಕರಗಿಸಿದರೆ ಆಮ್ಲದ ಹಬೆ, ಆಂಟಿಮನಿ, ಸೀಸದ ಆಕ್ಸೈಡ್ ಪುಡಿ ಎಲ್ಲ ಸೇರಿ ಏಳುತ್ತವೆ. ಆ ಪುಡಿ ಅಂಗಳದ ಮಣ್ಣಿಗೆ, ಉಟ್ಟ ಬಟ್ಟೆಗೆ, ಅಲ್ಲಿಂದ ತೆವಳುವ ಮಗುವಿನ ಕೈಗೆ, ಬಾಯಿಗೆ ಹೋಗುತ್ತದೆ. ಮಕ್ಕಳಿಗೆ ಇಷ್ಟರವರೆಗೆ ಸುರಕ್ಷಿತ ಎನ್ನುವಂಥ ಸೀಸದ ಪ್ರಮಾಣವೇ ಗೊತ್ತಿಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ರಕ್ತದ ಪ್ರತಿ ಡೆಸಿಲೀಟರಿಗೆ 5 ಮೈಕ್ರೋಗ್ರಾಂ ಮುಟ್ಟಿದರೆ ಮೂಲ ಹುಡುಕಿ ನಿಲ್ಲಿಸಬೇಕು ಎಂಬುದು ಅದರ 2021ರ ಮಾರ್ಗಸೂಚಿ. ಹೊಟ್ಟೆನೋವು, ಮಂಕುತನ, ಕಲಿಕೆಯಲ್ಲಿ ಹಿಂದುಳಿಯುವುದು ಇವುಗಳಿಗೆ ಬೇರೆ ನೂರು ಕಾರಣ ಇರುವುದರಿಂದ ಯಾರಿಗೂ ಸೀಸದ ಸಂಶಯ ಬರುವುದಿಲ್ಲ. ಮನೆಯಲ್ಲಿ ಎರಕ ನಡೆದಿದ್ದರೆ ಮಕ್ಕಳ ಮತ್ತು ಗರ್ಭಿಣಿಯರ ರಕ್ತದಲ್ಲಿ ಸೀಸದ ಪರೀಕ್ಷೆ ಮಾಡಿಸಿ.

ಎರಡನೆಯದು ಕಳೆದುಹೋಗುವ ಸಣ್ಣ ಗುಂಡು. ಹಕ್ಕಿಗೆ ಹಲ್ಲಿಲ್ಲ. ಹೊಟ್ಟೆಯೊಳಗಿನ ಅರೆಯುವ ಚೀಲದಲ್ಲಿ ಕಾಳು ನುರಿಯಲು ಬಾತು, ಹೆಬ್ಬಾತುಗಳು ಸಣ್ಣ ಹರಳು ಹುಡುಕಿ ನುಂಗುತ್ತವೆ. ಸೀಸದ ಗುಂಡು ಅವಕ್ಕೆ ಹರಳಿನಂತೆಯೇ ಕಾಣುತ್ತದೆ. ಒಳಗೆ ಅದು ಆಮ್ಲದಲ್ಲಿ ಸವೆದು ರಕ್ತಕ್ಕೆ ಸೇರುತ್ತದೆ. ಚಳಿಗಾಲದಲ್ಲಿ ಪಟ್ಟೆತಲೆ ಹೆಬ್ಬಾತು ಬರುವ ಹಿನ್ನೀರಿನ ಅಂಚಿನಲ್ಲಿ, 1974ರಿಂದ ಪಕ್ಷಿಧಾಮವಾಗಿರುವ ಘಟಪ್ರಭೆಯ ಧೂಪದಾಳ ಒಡ್ಡಿನ ಸುತ್ತ ಈ ಮಾತಿಗೆ ತೂಕ ಹೆಚ್ಚು. ನೀರು ಇಳಿದಾಗ ಬಯಲಾಗುವ ಕೆಸರಿನಲ್ಲೇ ಹಕ್ಕಿ ಮೇಯುವುದು, ಕಳೆದ ಗುಂಡು ಬಿದ್ದಿರುವುದೂ ಅಲ್ಲೇ.

ಮೂರನೆಯದು ಕೈಯಿಂದ ಬಾಯಿಗೆ. ಗಾಳದ ಸೀಳುಗುಂಡನ್ನು (ಸೀಳಿನೊಳಗೆ ದಾರ ಇಟ್ಟು ಒತ್ತುವ ಗುಂಡು) ಹಲ್ಲಲ್ಲಿ ಕಚ್ಚಿ ಒತ್ತುವುದು, ಬಲೆ ಮುಟ್ಟಿದ ಕೈಯಲ್ಲೇ ಎಲೆ ಅಡಿಕೆ ಹಾಕುವುದು, ರೊಟ್ಟಿ ಮುರಿಯುವುದು.

ಯಾವ ಅಳತೆಗೋಲು ಹಿಡಿಯಬೇಕು

ಮೊದಲು ನೋಡಬೇಕಾದ್ದು ನೀರಿನೊಳಗಿನ ತೂಕ. ನೆಲದ ಮೇಲಿನ ತೂಕದಿಂದ ಬಲೆಗೆ ಉಪಯೋಗವಿಲ್ಲ. ಪ್ರತಿ ವಸ್ತುವೂ ತನ್ನ ಗಾತ್ರದಷ್ಟು ನೀರಿನ ತೂಕವನ್ನು ನೀರಿನಲ್ಲಿ ಕಳೆದುಕೊಳ್ಳುತ್ತದೆ. 1 ಕೆಜಿ ಸೀಸ ನೀರಿನೊಳಗೆ ಸುಮಾರು 910 ಗ್ರಾಂ ತೂಗುತ್ತದೆ. ಅಷ್ಟೇ ಎಳೆತ ಬೇಕಾದರೆ ಉಳಿದವು ಎಷ್ಟು ಬೇಕು ಎಂಬ ಲೆಕ್ಕ ಹೀಗಿದೆ:

| ವಸ್ತು | 1 ಕೆಜಿ ಸೀಸಕ್ಕೆ ಬದಲಾಗಿ | ಗಾತ್ರ, ಸೀಸದ ಎಷ್ಟು ಪಟ್ಟು |
|---|---|---|
| ಹಿತ್ತಾಳೆ | 1.03 ಕೆಜಿ | 1.4 |
| ಕಬ್ಬಿಣ | 1.05 ಕೆಜಿ | 1.5 |
| ತವರ | 1.06 ಕೆಜಿ | 1.6 |
| ಗ್ರಾನೈಟ್ ಕಲ್ಲು | 1.46 ಕೆಜಿ | 6 |
| ಸಿಮೆಂಟ್ ಗಾರೆ | 1.6 ಕೆಜಿ | 8 |
| ಸುಟ್ಟ ಮಣ್ಣು | 1.8 ಕೆಜಿ | 10 |

ಕಲ್ಲು, ಗಾರೆ, ಮಣ್ಣಿನ ಅಂಕಿಗಳು ಸರಾಸರಿ. ಕಲ್ಲಿನ ಜಾತಿ, ಮಣ್ಣು ಬೆಂದ ಹದದ ಮೇಲೆ ಬದಲಾಗುತ್ತವೆ. ನಿಮ್ಮ ಕೈಲಿರುವುದನ್ನು ನೀವೇ ಪರೀಕ್ಷಿಸಬಹುದು. ಕೊಕ್ಕೆಯ ತೂಗುಯಂತ್ರಕ್ಕೆ ವಸ್ತುವನ್ನು ದಾರದಿಂದ ಕಟ್ಟಿ, ಬಕೆಟ್ ನೀರಿನಲ್ಲಿ ತಳ, ಗೋಡೆ ತಾಗದಂತೆ ಪೂರ್ತಿ ಮುಳುಗಿಸಿ. ಆಗ ಮುಳ್ಳು ತೋರಿಸುವುದೇ ಬಲೆಗೆ ಸಿಗುವ ತೂಕ. ಮಣ್ಣಿನ ಗುಂಡಾದರೆ ಒಂದು ದಿನ ನೆನೆಸಿಟ್ಟು ತೂಗಿ.

ಎರಡನೆಯದು ಮುಳುಗುವ ವೇಗ. ಬೀಸುಬಲೆಗೆ ಇದೇ ಜೀವಾಳ. ಬಲೆಯ ಅಂಚು ತಳ ಮುಟ್ಟುವ ಮೊದಲೇ ಮೀನು ಕೆಳಗಿಂದ ನುಸುಳಿದರೆ ಬೀಸಿದ್ದು ದಂಡ. ಗುಂಡಿನ ಗಾತ್ರ ಹೆಚ್ಚಿದಷ್ಟೂ ನೀರು ತಡೆಯುತ್ತದೆ. ನಿಲ್ಲಿಸಿ ಬಿಡುವ ಬಲೆಗೆ ಈ ಅವಸರವಿಲ್ಲ, ಅಲ್ಲಿ ಕೆಳಹಗ್ಗ ತಳದಲ್ಲಿ ಕೂತರೆ ಸಾಕು.

ಮೂರನೆಯದು ಸಿಕ್ಕಿಕೊಳ್ಳುವಿಕೆ. ಆಲಮಟ್ಟಿ ಹಿನ್ನೀರಿನಡಿ ಹಳೆ ಬಾಗಲಕೋಟೆಯ ಒಂದು ಭಾಗ, ಎಷ್ಟೋ ಊರುಗಳ ಗೋಡೆ, ಜಾಲಿ ಗಿಡದ ಬುಡಗಳು ಇವೆ. ಅಲ್ಲಿ ಬಲೆಯ ಅಂಚು ನಯವಾಗಿರಬೇಕು. ಕಳೆದುಹೋಗುವುದು ಗ್ಯಾರಂಟಿ ಇರುವ ಕಡೆ ಹೋದರೂ ಕೇಡಿಲ್ಲದ ವಸ್ತು ಹಾಕುವುದು ಜಾಣತನ. ಬೆಲೆಯ ಜೊತೆ ಕಟ್ಟುವ ಕೂಲಿ, ಬಾಳಿಕೆಗಳನ್ನೂ ಲೆಕ್ಕಕ್ಕೆ ಹಿಡಿಯಿರಿ.

ಕಬ್ಬಿಣ: ಬೀಸುಬಲೆಗೆ ಮೊದಲ ಆಯ್ಕೆ

ಮೇಲಿನ ಪಟ್ಟಿಯಲ್ಲಿ ಕಬ್ಬಿಣದ ಸಾಲು ಮತ್ತೊಮ್ಮೆ ನೋಡಿ. ಬರೀ ಶೇ 5ರಷ್ಟು ಹೆಚ್ಚು ತೂಕ ಹಾಕಿದರೆ ಸೀಸದಷ್ಟೇ ಎಳೆತ. ಗಾತ್ರ ಒಂದೂವರೆ ಪಟ್ಟು ಎಂದರೆ ಅಷ್ಟೇ ಉದ್ದದ ಗುಂಡಿನ ದಪ್ಪ ಶೇ 23ರಷ್ಟು ಮಾತ್ರ ಹೆಚ್ಚುತ್ತದೆ. 8 ಮಿಮೀ ಇದ್ದದ್ದು ಸುಮಾರು 10 ಮಿಮೀ ಆಗುತ್ತದೆ. ಕಬ್ಬಿಣ ಹಗುರ, ಬಲೆ ತೇಲುತ್ತದೆ ಎಂಬ ಮಾತಿಗೆ ಈ ಅಂಕಿಗಳಲ್ಲಿ ಆಧಾರವಿಲ್ಲ. ಕೆಜಿಗೆ ಬೆಲೆಯೂ ಸೀಸಕ್ಕಿಂತ ಕಡಿಮೆ.

ಸರಪಳಿ ಹಾಕುವುದು ಸುಲಭದ ದಾರಿ. ಒಂದು ಉದಾಹರಣೆ ತೆಗೆದುಕೊಳ್ಳೋಣ. ನಡುವಿನಿಂದ ಅಂಚಿಗೆ 2.5 ಮೀಟರ್ ಇರುವ ಬಲೆ ಪೂರ್ತಿ ಹರಡಿದಾಗ ಅಂಚಿನ ಸುತ್ತಳತೆ 15.7 ಮೀಟರ್. ಅದರಲ್ಲಿ 4 ಕೆಜಿ ಸೀಸ ಇದ್ದರೆ ಬದಲಿಗೆ 4.2 ಕೆಜಿ ಕಬ್ಬಿಣ, ಅಂದರೆ ಮೀಟರಿಗೆ ಸುಮಾರು 270 ಗ್ರಾಂ ಬೇಕು. 4 ಮಿಮೀ ತಂತಿಯ ಉದ್ದ ಕೊಂಡಿಯ ಸರಪಳಿ ಈ ತೂಕದ ಆಸುಪಾಸಿನಲ್ಲೇ ಬರುತ್ತದೆ. ತಯಾರಕರಿಂದ ತಯಾರಕರಿಗೆ ವ್ಯತ್ಯಾಸ ಇರುವುದರಿಂದ ಅಂಗಡಿಯಲ್ಲಿ ಒಂದು ಮೀಟರ್ ತೂಗಿಸಿ ನೋಡಿಯೇ ಕೊಳ್ಳಿ. ಬೆಸುಗೆ ಹಾಕಿದ ಕೊಂಡಿಯ ಸರಪಳಿಯೇ ಇರಲಿ. ಬೆಸುಗೆ ಇಲ್ಲದ ಕೊಂಡಿಯ ಬಾಯಿಗೆ ಬಲೆಯ ಕಣ್ಣು ಸಿಕ್ಕು ಹರಿಯುತ್ತದೆ. ಹಳೆ ಬನಿಯನ್ ಬಟ್ಟೆಯನ್ನು ಸರಪಳಿಯುದ್ದಕ್ಕೂ ಎಳೆದು ನೋಡಿ, ಎಲ್ಲಿ ನೂಲು ಹಿಡಿಯುತ್ತದೋ ಅಲ್ಲಿ ಅರ ಹಾಕಿ ನಯ ಮಾಡಿ.

ಕಟ್ಟುವಾಗ ಹಗ್ಗವನ್ನು ಕೊಂಡಿಗಳೊಳಗೆ ಪೋಣಿಸಬೇಡಿ, ತಿಕ್ಕಾಟದಿಂದ ಹಗ್ಗ ಬೇಗ ಸವೆಯುತ್ತದೆ. ಸರಪಳಿಯನ್ನು ಕೆಳಹಗ್ಗಕ್ಕೆ ಸಮಾನಾಂತರವಾಗಿ ಹಿಡಿದು 10–12 ಸೆಂಮೀಗೆ ಒಂದರಂತೆ ನೈಲಾನ್ ದಾರದಲ್ಲಿ ಎರಡು ಸುತ್ತು ಹಾಕಿ ಗಂಟು ಬಿಗಿಯಿರಿ. ಸರಪಳಿ ಹಗ್ಗಕ್ಕಿಂತ ತುಸು ಸಡಿಲವಿರಲಿ. ಬಲೆ ಎಳೆಯುವಾಗ ಭಾರ ಹಗ್ಗದ ಮೇಲೆ ಬೀಳಬೇಕು, ಕೊಂಡಿಯ ಮೇಲಲ್ಲ. ಅಂಚು ಒಳಕ್ಕೆ ಮಡಚಿ ಚೀಲ ಮಾಡಿರುವ ಬಲೆಯಾದರೆ ಚೀಲದ ಬಾಯಿ ಮುಚ್ಚದಂತೆ ನೋಡಿಕೊಳ್ಳಿ. ಅವಸರದಲ್ಲಿ ಚೀಲವನ್ನೂ ಸೇರಿಸಿ ಹೊಲಿದರೆ ಮೀನು ಒಳಗೆ ನಿಲ್ಲುವುದಿಲ್ಲ.

ಸರಪಳಿಯ ದೋಷ ಎರಡು. ಒಂದು ತುಕ್ಕು. ಸಿಹಿನೀರಿನಲ್ಲಿ ಅದು ನಿಧಾನ, ಆದರೆ ಒದ್ದೆ ಬಲೆಯನ್ನು ಗೋಣಿಯಲ್ಲಿ ಸುತ್ತಿಟ್ಟರೆ ಬೇಗ ಏರುತ್ತದೆ. ತುಕ್ಕಿನ ಹಕ್ಕಳೆ ಒರಟು, ನೈಲಾನ್ ಎಳೆಯನ್ನು ತಿನ್ನುತ್ತದೆ. ಬಲೆ ನೇತುಹಾಕಿ ಒಣಗಿಸುವುದೇ ಮದ್ದು. ಸತು ಲೇಪದ ಸರಪಳಿ ಹೆಚ್ಚು ಬಾಳುತ್ತದೆ, ಬೆಲೆ ಹೆಚ್ಚು. ಎರಡನೆಯದು, ಜಾಲಿ ಮುಳ್ಳಿನ ನಡುವೆ ಕೊಂಡಿಯೊಳಗೆ ಕಡ್ಡಿ ಹೊಕ್ಕು ಬಲೆ ಕಚ್ಚಿಕೊಳ್ಳುತ್ತದೆ. ಮರಳು, ಕೆಸರು ತಳದ ಕಡೆ ಸರಪಳಿಗೆ ಸಾಟಿಯಿಲ್ಲ. ಮುಳುಗಡೆ ಊರುಗಳ ಮೇಲೆ ಬೀಸುವವರು ಬೇರೆ ದಾರಿ ನೋಡಬೇಕು.

ಆ ಬೇರೆ ದಾರಿ ನಟ್ಟು. 10 ಮಿಮೀ ಬೋಲ್ಟಿನ ನಟ್ಟು ಒಂದು ಸುಮಾರು 11 ಗ್ರಾಂ ತೂಗುತ್ತದೆ. ಅದೇ ಬಲೆಗೆ 380ರ ಆಸುಪಾಸು ಬೇಕು, 4 ಸೆಂಮೀಗೆ ಒಂದು ಬೀಳುತ್ತದೆ. ಒಳಗಿನ ಮರೆ (ತಿರುಪಿನ ಏಣು) ಗರಗಸದಂತೆ ಹಗ್ಗ ಕೊಯ್ಯುವುದೇ ಇಲ್ಲಿನ ಕಷ್ಟ. ಡ್ರಿಲ್ಲಿನಿಂದ ಮರೆ ತೆಗೆಸಿ, ಇಲ್ಲವೆ ಹಗ್ಗದ ಮೇಲೆ ತೆಳು ಪ್ಲಾಸ್ಟಿಕ್ ನಳಿಕೆ ಹಾಕಿ ಪೋಣಿಸಿ. ಪ್ರತಿ ನಟ್ಟಿನ ಎರಡೂ ಬದಿ ಗಂಟು ಇರಬೇಕು. ಇಲ್ಲವಾದರೆ ಎಲ್ಲ ಒಂದು ಕಡೆ ಸರಿದು ಬಲೆ ಓರೆಯಾಗಿ ಬೀಳುತ್ತದೆ. ಕೆಲಸ ಸರಪಳಿಗಿಂತ ಮೂರ್ನಾಲ್ಕು ಪಟ್ಟು. ಆದರೆ ಕಳೆದರೆ ಒಂದು ನಟ್ಟು ಕಳೆಯುತ್ತದೆ, ಬಲೆ ಉಳಿಯುತ್ತದೆ.

ನಿಲ್ಲಿಸುವ ಬಲೆಗೆ ಕಟ್ಟಡದ ಕೆಲಸದಲ್ಲಿ ಉಳಿಯುವ ಸರಳಿನ ತುಂಡು ಸಾಕು. ಸರಳಿನ ದಪ್ಪವನ್ನು ಮಿಮೀಯಲ್ಲಿ ಅದರಿಂದಲೇ ಗುಣಿಸಿ 162ರಿಂದ ಭಾಗಿಸಿದರೆ ಮೀಟರಿಗೆ ಎಷ್ಟು ಕೆಜಿ ಎಂದು ಗೊತ್ತಾಗುತ್ತದೆ. 8 ಮಿಮೀ ಸರಳು ಮೀಟರಿಗೆ 395 ಗ್ರಾಂ, ಹಾಗಾಗಿ 5 ಸೆಂಮೀ ತುಂಡು 20 ಗ್ರಾಂ. ಮೈಮೇಲಿನ ಏಣುಗಳು ದಾರವನ್ನು ಜಾರಲು ಬಿಡುವುದಿಲ್ಲ. ಕತ್ತರಿಸಿದ ತುದಿಗಳನ್ನು ಮಾತ್ರ ಮರೆಯದೆ ಗ್ರೈಂಡರಿಗೆ ಹಿಡಿಯಿರಿ.

ಕಲ್ಲು, ಮಣ್ಣು, ಗಾರೆ: ನಿಂತ ನೀರಿಗೆ

ಸೀಸ ಬರುವ ಮೊದಲು ಹೊಳೆಗಳಲ್ಲಿ ಇವೇ ನಡೆಯುತ್ತಿದ್ದವು. ಬೀಸುಬಲೆಗೆ ಹತ್ತು ಪಟ್ಟು ಗಾತ್ರದ ಮಣ್ಣಿನ ಗುಂಡು ಕಟ್ಟಿದರೆ ಬೀಸಲೂ ಆಗದು, ಮುಳುಗಲೂ ತಡ. ಆದರೆ ಹರಿವಿಲ್ಲದ ಹಿನ್ನೀರು, ಕೆರೆಗಳಲ್ಲಿ ಸಂಜೆ ಬಿಟ್ಟು ಬೆಳಗ್ಗೆ ತೆಗೆಯುವ ಬಲೆಗೆ ಇವಕ್ಕಿಂತ ಅಗ್ಗದ್ದು ಇಲ್ಲ.

ಕುಂಬಾರರಲ್ಲಿ ಮಾಡಿಸುವುದಾದರೆ ಪೀಪಾಯಿ ಆಕಾರ ಹೇಳಿ, ಮೂಲೆಗಳು ಬೇಡ. 100 ಗ್ರಾಮಿನ ಸುಟ್ಟ ಗುಂಡು ನೀರಿನಲ್ಲಿ 50 ಗ್ರಾಂ ಕೆಲಸ ಮಾಡುತ್ತದೆ. ಒಣಗುವಾಗ, ಸುಡುವಾಗ ಮಣ್ಣು ಕುಗ್ಗುವುದರಿಂದ ತೂತು ಹಗ್ಗಕ್ಕಿಂತ 3–4 ಮಿಮೀ ದೊಡ್ಡದಾಗಿ ಇಡಿಸಿ. ನೆರಳಲ್ಲಿ ನಿಧಾನ ಒಣಗಬೇಕು, ಬಿಸಿಲಿಗಿಟ್ಟರೆ ತೂತಿನಿಂದಲೇ ಬಿರುಕು ಶುರು. ಬೆಂದದ್ದನ್ನು ಒಂದಕ್ಕೊಂದು ತಟ್ಟಿದರೆ ಕಣ್ ಎನ್ನಬೇಕು. ದಬ್ ಎಂದರೆ ಹಸಿ, ನೀರಲ್ಲಿ ಮೆತ್ತಗಾಗುತ್ತದೆ. ತೆಪ್ಪದ ಅಂಚಿಗೆ ಬಡಿದು ಕೆಲವು ಒಡೆಯುವುದು ಸಹಜ, ಸ್ವಲ್ಪ ಹೆಚ್ಚಾಗಿಯೇ ಮಾಡಿಸಿಡಿ.

ಗಾರೆಯದಾದರೆ 1 ಪಾಲು ಸಿಮೆಂಟು, 2 ಪಾಲು ತೊಳೆದ ಮರಳು. ಒಂದು ಇಂಚಿನ ಪಿವಿಸಿ ಪೈಪನ್ನು ಉದ್ದಕ್ಕೆ ಸೀಳಿ ಅಚ್ಚು ಮಾಡಿ ಒಳಗೆ ಎಣ್ಣೆ ಸವರಿ, ನಡುವೆ ಪ್ಲಾಸ್ಟಿಕ್ ಕೊಳವೆ ನಿಲ್ಲಿಸಿ ತುಂಬಿ. ಮರುದಿನ ಬಿಡಿಸಿ 7 ದಿನ ನೀರಲ್ಲಿ ನೆನೆಸಿಡಿ. ನೆನೆಸದೆ ಬಳಸಿದರೆ ಅಂಚು ಉದುರುತ್ತದೆ.

ಬಲೆಯ ಎರಡು ತುದಿಯ ಲಂಗರಿಗೆ ಇಳಕಲ್ ಗ್ರಾನೈಟಿನ ಕ್ವಾರಿ ಚೂರು ಒಳ್ಳೆಯದು. ಬಾದಾಮಿ ಕಡೆಯ ಮರಳುಗಲ್ಲು ಅದಕ್ಕಿಂತ ಹಗುರ, ಸವೆದು ಮರಳು ಬಿಡುತ್ತದೆ. ತೂತು ಕೊರೆಸುವ ಬದಲು ಹರಿದ ಬಲೆಯ ತುಂಡಿನಲ್ಲಿ ಕಟ್ಟಿ.

ಗಾಳದವರಿಗೆ

ಹಕ್ಕಿಯ ಹೊಟ್ಟೆಗೆ ಹೋಗುವುದು ಹೆಚ್ಚಾಗಿ ಗಾಳದವರ ಸಣ್ಣ ಗುಂಡು. ಬ್ರಿಟನ್ನಿನ ನಿಷೇಧ ಸಣ್ಣ ತೂಕಗಳಿಗೇ ಇರುವುದು ಇದಕ್ಕೇ. ಹಾಗಾಗಿ ನೀವು ಬದಲಾಯಿಸಿದರೆ ಲಾಭ ಹೆಚ್ಚು, ಖರ್ಚು ಕಡಿಮೆ, ಏಕೆಂದರೆ ಬೇಕಾಗುವುದು ಗ್ರಾಂಗಳ ಲೆಕ್ಕದಲ್ಲಿ.

ದಾರಕ್ಕೆ ಒತ್ತಿ ಕೂರಿಸುವ ಸೀಳುಗುಂಡಿಗೆ ಬದಲಿ ತವರ. ಸೀಸಕ್ಕಿಂತ ತುಸು ಗಡಸು, ಇಕ್ಕಳದಲ್ಲಿ ಒತ್ತಬೇಕು. ಕೆಜಿಗೆ ತವರದ ಬೆಲೆ ಸೀಸದ ಹತ್ತು ಪಟ್ಟಿಗೂ ಮೀರುತ್ತದೆ, ಆದರೆ ಒಂದು ಗ್ರಾಮಿನ ಗುಂಡಿಗೆ ಅದು ಹೊರೆಯಲ್ಲ. ಟಂಗ್‌ಸ್ಟನ್ ಸೀಸಕ್ಕಿಂತಲೂ ಭಾರ, ಗುಂಡು ಪುಟ್ಟದಾಗಿ ಕಲ್ಲುಸಂದಿಯಲ್ಲಿ ಕಡಿಮೆ ಸಿಕ್ಕುತ್ತದೆ, ಕೊರವ ಮೀನಿಗೆ ಕೃತಕ ಹುಳ ಎಸೆಯುವವರಿಗೆ ಚೆನ್ನ. ಬೆಲೆ ಬಲು ಹೆಚ್ಚು, ಪದೇ ಪದೇ ಕಳೆಯುವ ಕಡೆ ಬೇಡ. ತಳದಲ್ಲಿ ಕೂರಿಸುವ ಕಾಟ್ಲಾ, ರೋಹು ಗಾಳಕ್ಕೆ ಸೈಕಲ್ ಅಂಗಡಿಯ ನಟ್ಟು ಸಾಕು. ಮುಖ್ಯ ದಾರಕ್ಕಿಂತ ತೆಳುವಾದ ದಾರದಲ್ಲಿ ನಟ್ಟನ್ನು ಬೇರೆ ಕಟ್ಟಿದರೆ ಕಲ್ಲಿಗೆ ಸಿಕ್ಕಾಗ ಅದಷ್ಟೇ ಕಿತ್ತುಹೋಗುತ್ತದೆ.

ಸತುವಿನ ಗುಂಡು ಬೇಡ. ನುಂಗಿದ ಬಾತುಗಳಿಗೆ ಸತುವೂ ವಿಷವೇ. ಮನೆಯಲ್ಲಿ ಅದನ್ನು ಎರಕ ಹೊಯ್ಯುವವರಿಗೆ ಹೊಗೆಯಿಂದ ಚಳಿಜ್ವರ ಬರುತ್ತದೆ.

ಈ ವರ್ಷ ಸೀಸ ಬಿಡಲಾಗದವರು

ಎರಡು ಬಲೆ ಮೊನ್ನೆಯಷ್ಟೇ ಕೊಂಡವರಿಗೆ ಇವತ್ತೇ ಬಿಚ್ಚಿ ಎಸೆಯಿರಿ ಎನ್ನುವುದು ಸರಿಯಲ್ಲ. ಆದರೆ ಕರಗಿಸುವುದನ್ನು ಇಂದೇ ನಿಲ್ಲಿಸಿ. ಕಡಿಮೆಯಾದ ಗುಂಡನ್ನು ಕೊಂಡೇ ಹಾಕಿ, ಅಥವಾ ಆ ಜಾಗಕ್ಕೆ ನಟ್ಟು ಪೋಣಿಸುತ್ತ ಹೋಗಿ. ಹೆಣೆದ ಹೊದಿಕೆಯೊಳಗೆ ಸೀಸ ಇರುವ ಹಗ್ಗ ಸಿಕ್ಕರೆ ಬಿಡಿ ಗುಂಡಿಗಿಂತ ಮೇಲು, ಕೈಗೂ ತಾಗದು, ಬಿಡಿಬಿಡಿಯಾಗಿ ಕೆಸರಿಗೂ ಬೀಳದು. ಹೊದಿಕೆ ಹರಿದರೆ ಮಾತ್ರ ತೆಗೆದುಬಿಡಬೇಕು. ಗುಂಡಿಗೆ ಬಣ್ಣ ಬಳಿಯುವುದು ವ್ಯರ್ಥ, ಕಲ್ಲಿಗೆ ಉಜ್ಜಿ ವಾರದಲ್ಲಿ ಹೋಗುತ್ತದೆ. ಬಲೆಯನ್ನು ಅಡುಗೆಮನೆ, ಮಲಗುವ ಕೋಣೆಯಲ್ಲಿ ಇಡಬೇಡಿ. ಬುತ್ತಿ ಬಿಚ್ಚುವ ಮೊದಲು ಸೋಪು ಹಾಕಿ ಕೈ ತೊಳೆಯಿರಿ.

ಏರ್ ರೈಫಲ್ ಕಲಿಯುವ ಮಕ್ಕಳ ಪಾಲಕರಿಗೆ

10 ಮೀಟರ್ ಸ್ಪರ್ಧೆಯ 4.5 ಮಿಮೀ ಪೆಲೆಟ್ ಒಂದು ಸುಮಾರು ಅರ್ಧ ಗ್ರಾಂ. 500ರ ಡಬ್ಬಿಯಲ್ಲಿ ಕಾಲು ಕೆಜಿಯಷ್ಟು ಸೀಸ. ಅರ್ಹತಾ ಸುತ್ತಿಗೆ 60 ಗುಂಡು, ಅಭ್ಯಾಸಕ್ಕೆ ಅದರ ಎಷ್ಟೋ ಪಟ್ಟು. ನಿಯಮದಲ್ಲಿ ಸೀಸದ ಜೊತೆ ಬೇರೆ ಮೆತ್ತನೆ ವಸ್ತುವಿನ ಪೆಲೆಟ್ಟಿಗೂ ಅವಕಾಶವಿದೆ. ತವರದವು ಹಗುರ, ಬೆಲೆ ಹೆಚ್ಚು. ಕೆಲವು ನಳಿಕೆಗಳಿಂದ ಒಂದೇ ಕಡೆ ಕೂರುತ್ತವೆ, ಕೆಲವುಗಳಿಂದ ಚದುರುತ್ತವೆ. ಹೊಸಬರಿಗೆ, ಅದರಲ್ಲೂ ಚಿಕ್ಕ ಮಕ್ಕಳಿಗೆ ಆ ಚದುರುವಿಕೆ ಲೆಕ್ಕಕ್ಕಿಲ್ಲ, ತವರದಿಂದಲೇ ಶುರುಮಾಡಿಸಿ. ಪಂದ್ಯಕ್ಕೆ ಇಳಿಯುವವರು ತಮ್ಮ ರೈಫಲ್ಲಿಗೆ ಒಗ್ಗುವ ಪೆಲೆಟ್ ಆರಿಸುವಾಗ ಇಂದಿಗೂ ಹೆಚ್ಚಾಗಿ ಸೀಸವೇ ಗೆಲ್ಲುತ್ತದೆ.

ಪೆಲೆಟ್ಟಿಗಿಂತ ಮುಖ್ಯವಾದದ್ದು ರೇಂಜು ಹೇಗಿದೆ ಎಂಬುದು. ಸೇರಿಸುವ ಮೊದಲು ನೋಡಿ ಬನ್ನಿ. ಗುರಿಯ ಹಿಂದಿನ ಪೆಟ್ಟಿಗೆಯಿಂದ ಚೂರು ಹೊರಗೆ ಸಿಡಿಯುತ್ತಿದೆಯೆ? ನೆಲವನ್ನು ಒಣ ಪೊರಕೆಯಲ್ಲಿ ಗುಡಿಸುತ್ತಾರೋ, ಒದ್ದೆ ಬಟ್ಟೆಯಲ್ಲಿ ಒರೆಸುತ್ತಾರೋ? ಒಣ ಪೊರಕೆ ಸೀಸದ ಧೂಳನ್ನು ಮಕ್ಕಳ ಮೂಗಿನ ಎತ್ತರಕ್ಕೆ ಏಳಿಸುತ್ತದೆ. ಪೆಲೆಟ್ ಹಾಕುವ ಮೇಜಿನ ಮೇಲೆಯೇ ಬಿಸ್ಕತ್ತು, ನೀರಿನ ಬಾಟಲಿ ಇವೆಯೆ? ಗಾಳಿ ಗುಂಡು ಹಾರಿಸುವವರ ಬೆನ್ನಿಂದ ಗುರಿಯ ಕಡೆ ಹರಿಯಬೇಕು. .22 ರೈಫಲ್ ಹಾರಿಸುವ ಮುಚ್ಚಿದ ರೇಂಜಾದರೆ ಇದು ಇನ್ನೂ ಮುಖ್ಯ, ಏಕೆಂದರೆ ಸಾಮಾನ್ಯ ತೋಟಾದ ಕಿಡಿಮದ್ದಿನಲ್ಲೇ ಸೀಸದ ಸಂಯುಕ್ತ ಇದ್ದು ಪ್ರತಿ ಹೊಡೆತಕ್ಕೂ ಹೊಗೆಯಾಗಿ ಬರುತ್ತದೆ. ಮನೆಗೆ ಬಂದ ಮಗು ಮೊದಲು ಕೈ ತೊಳೆದು ಬಟ್ಟೆ ಬದಲಿಸಲಿ.

ಬದಲಾಯಿಸುವ ಕ್ರಮ

ಕೈಯಲ್ಲಿ ಹಣ ಕಡಿಮೆ ಇದ್ದು ನಿಲ್ಲಿಸುವ ಬಲೆಯಷ್ಟೇ ಇದ್ದವರು ಸರಳಿನ ತುಂಡು ಅಥವಾ ಮಣ್ಣಿನ ಗುಂಡಿಗೆ ಹೋಗಿ. ಮರಳು ತಳದಲ್ಲಿ ಬೀಸುವವರು ಸರಪಳಿ, ಮುಳುಗಡೆ ಪ್ರದೇಶದವರು ನಟ್ಟು ಆರಿಸಿ. ಗಾಳದವರು ಮುಂದಿನ ಪ್ಯಾಕೆಟ್ಟಿನಿಂದಲೇ ತವರ ತನ್ನಿ.

ಮಳೆಗಾಲದಲ್ಲಿ ಹೊಳೆ ತುಂಬಿ ಬಲೆಗಳು ಮನೆ ಸೇರಿದಾಗ ಈ ಕೆಲಸಕ್ಕೆ ಪುರುಸೊತ್ತು ಸಿಗುತ್ತದೆ. ಎರಡು ಬಲೆ ಇದ್ದರೆ ಒಂದನ್ನು ಮಾತ್ರ ಬದಲಿಸಿ, ಒಂದೇ ಜಾಗದಲ್ಲಿ ಎರಡನ್ನೂ ಬೀಸಿ ನೋಡಿ. ಕಬ್ಬಿಣದ್ದು ತಡವಾಗಿ ಮುಳುಗುತ್ತಿದೆ ಎನಿಸಿದರೆ ಮೀಟರಿಗೆ 20–30 ಗ್ರಾಂ ಸೇರಿಸಿ. ಬಿಚ್ಚಿದ ಸೀಸವನ್ನು ಮುಚ್ಚಳದ ಡಬ್ಬಿಯಲ್ಲಿ ತುಂಬಿ ಮಕ್ಕಳ ಕೈಗೆ ಸಿಗದಂತೆ ಇಡಿ. ಬಯಲಲ್ಲಿ ಕರಗಿಸುವ ಗುಜರಿಗೆ ಕೊಡಬೇಡಿ. ಮಾಲಿನ್ಯ ನಿಯಂತ್ರಣ ಮಂಡಳಿಯಲ್ಲಿ ನೋಂದಾಯಿಸಿದ ಮರುಬಳಕೆ ಘಟಕಕ್ಕೆ ಸೀಸ ಕಳಿಸುವ ವ್ಯಾಪಾರಿ ಯಾರೆಂದು ಬ್ಯಾಟರಿ ಅಂಗಡಿಯಲ್ಲಿ ಕೇಳಿ. ನಾಲ್ಕೈದು ಮನೆಯವರದು ಒಟ್ಟುಗೂಡಿಸಿ ಒಯ್ದರೆ ಕೊಳ್ಳುವವರೂ ಸಿಗುತ್ತಾರೆ, ಆ ಹಣದಲ್ಲಿ ಸರಪಳಿಯ ಖರ್ಚಿಗೂ ಒಂದಿಷ್ಟು ಬರುತ್ತದೆ.